ಒಂದನೇದು ಮಂದಿಗೆ, ಎರಡನೇದು ಹಿಂಡಿಗೆ

ಅಂಗಡಿಯ ಲ್ಯಾಪ್‌ಟಾಪ್ ಸತ್ತದ್ದು ಗುರುವಾರ, ರಿಪೇರಿಗೆಂದು ಹೈದರಾಬಾದಿಗೆ ಹೋದದ್ದು ಶುಕ್ರವಾರ, ಧೊಂಡಿಬಾ ಬಂದು ಬೆಂಚಿನ ಮೇಲೆ ಕೂತದ್ದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ. ಭಾನುವಾರ ಅಂಗಡಿ ತೆರೆಯುವ ಪದ್ಧತಿ ಈಶ್ವರಿಗಿಲ್ಲ. ಕಸ ಗುಡಿಸಿ ಹೋಗೋಣವೆಂದು ಬೀದರಿನ ನೌಬಾದದ ತನ್ನ ಕಿವಿಯಂತ್ರದ ಅಂಗಡಿಯ ಶಟರನ್ನು ಅರ್ಧ ಎತ್ತಿದ್ದಳು. ಎತ್ತಿದ ಅರ್ಧದಲ್ಲೇ ಮುದುಕ ಬಗ್ಗಿ ಒಳಗೆ ಬಂದುಬಿಟ್ಟಿದ್ದ. ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು, ಕೈಯಲ್ಲಿ ಎರಡು ತಿಂಗಳ ಹಿಂದೆ ಅವಳೇ ಕೊಟ್ಟಿದ್ದ ಯಂತ್ರದ ಡಬ್ಬಿ.

"ಬಾಯೀ, ಇದು ನಂದಲ್ಲದ ಕೆಲಸ ಮಾಡ್ತದ್ರಿ," ಎಂದ. ಕಿವಿ ಮಂದವಾದವರು ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಾರೆ. ಎದುರಿನ ಬೇಕರಿಯವನೂ ತಿರುಗಿ ನೋಡಿದ.

"ಏನಾಗ್ಯದ ಕಾಕಾ? ಮಾತು ಕೇಳಸಲ್ಲೇನು?"

"ಮಾತು ಬರೋಬರ್ ಕೇಳಸ್ತದ. ಸೊಸಿ ಬೈಯೋದು ಒಂದೂ ತಪ್ಪಲ್ಲ. ಕುರಿ ಗಂಟಿ ಕೇಳಸಲ್ರಿ. ಒಮ್ಮಿ ಟಣ್ ಅಂತದ, ಆಮ್ಯಾಲ ಯಾರೋ ಕೈ ಇಟ್ಟು ಮುಚ್ಚಿದಂಗ ಆಗ್ತದ."

ಈಶ್ವರಿಗೆ ಕಾರಣ ತಕ್ಷಣ ಹೊಳೆಯಿತು. ಕಿವಿಯಂತ್ರವೆಂದರೆ ಸಿಗಿಸಿಕೊಂಡರೆ ಮುಗಿಯಿತು ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಒಂದೊಂದು ಕಿವಿಗೆ ಒಂದೊಂದು ಹದ. ಆ ಹದವನ್ನು ಕಂಪ್ಯೂಟರಿಗೆ ಜೋಡಿಸಿ ತುಂಬಬೇಕು. ಯಂತ್ರ ಕೆಲವೊಮ್ಮೆ ತಾನೇ ಸೀಟಿ ಹೊಡೆಯುತ್ತದೆ, ಅದನ್ನು ತಡೆಯಲು ಒಳಗೊಂದು ಕಾವಲು ಇಟ್ಟಿರುತ್ತಾರೆ. ಸಣ್ಣಗೆ, ಉದ್ದಕ್ಕೆ ಮೊಳಗುವ ಯಾವ ಸದ್ದು ಬಂದರೂ ಆ ಕಾವಲು ಅದನ್ನು ಸೀಟಿ ಎಂದೇ ತಿಳಿದು ಅದುಮುತ್ತದೆ. ಗಂಟೆಗೂ ಅದೇ ಗತಿಯಾಗಿತ್ತು. ಅವಳ ಅಂಗಡಿಗೆ ಬರುವ ಮುದುಕರೆಲ್ಲ ಮೊಮ್ಮಕ್ಕಳ ಮಾತು ಕೇಳಬೇಕು ಅನ್ನುವವರೇ. ಅದೇ ರೂಢಿಯಲ್ಲಿ ಅವಳು ಮನುಷ್ಯರ ಮಾತನ್ನು ಎತ್ತಿ ಉಳಿದದ್ದನ್ನೆಲ್ಲ ಇಳಿಸಿ ಕಳಿಸಿದ್ದಳು. ಕುರಿ ಕಾಯುವವನನ್ನು ಕೂರಿಸಿಕೊಂಡು, ನಿನಗೆ ಏನು ಕೇಳಬೇಕು ಎಂದು ಕೇಳಿರಲಿಲ್ಲ.

"ಮುಂದಿನ ಶನಿವಾರ ಬರ್ರಿ ಕಾಕಾ. ಕಂಪ್ಯೂಟರ್ ರಿಪೇರಿಗಿ ಹೋಗ್ಯದ."

ಯಂತ್ರ ಡಬ್ಬಿಯಲ್ಲೇ ಇದ್ದುದರಿಂದ ಧೊಂಡಿಬಾ ಅವಳ ತುಟಿ ನೋಡುತ್ತಿದ್ದ. ಅರ್ಥವಾದ ಮೇಲೂ ಬೆಂಚಿನಿಂದ ಏಳಲಿಲ್ಲ. ದನಿ ತಗ್ಗಿಸಿ, ಅಂದರೆ ಬೇಕರಿಯವನಿಗೆ ಮಾತ್ರ ಕೇಳುವಷ್ಟು ತಗ್ಗಿಸಿ, ಹೇಳಿದ.

"ನಾಳಿ ಮುಂಜಾನಿ ಹಿಂಡು ಹೊಂಡ್ತದ್ರಿ, ತೆಲಂಗಾಣದ ಕಡಿ. ನಾಕ ತಿಂಗಳ ದಾರಿ. ಮಕ್ಕಳು ನನಗ ಬ್ಯಾಡ ಅಂತಾರ. ಹೋದ ತಿಂಗಳ ಔರಾದ ರೋಡಿನ್ಯಾಗ ಲಾರಿ ಹಾರನ್ ಹೊಡದದ್ದು ನನಗ ಕೇಳಸಲಿಲ್ಲ. ಅವತ್ತಿಂದ ಮನಿಯಾಗೇ ಕೂಡಸ್ಯಾರ. ಗಂಟಿ ಕೇಳಿದ್ರ ಬಾ, ಇಲ್ಲಂದ್ರ ಮನಿ ಕಾಯಿ ಅಂದಾನ ದೊಡ್ಡಾಂವ. ಹದಿನಾರು ವರ್ಷದಾಂವ ಇದ್ದಾಗಿಂದ ಹೋಗ್ಲಿಕ್ಕತ್ತೇನಿ ಬಾಯೀ. ಒಂದ ವರ್ಷ ತಪ್ಪಸಿಲ್ಲ."

ದೊಡ್ಡ ಮಗ ಅನೀಲಕುಮಾರ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಈಶ್ವರಿಯನ್ನು ಇನ್ನಷ್ಟು ಕಾಡಿತು. ಬಯ್ಯೋಣವೆಂದರೆ ಬಯ್ಯಲು ಯಾರೂ ಇಲ್ಲ, ತನ್ನ ಹೊರತು. ಪೊರಕೆ ಮೂಲೆಗೆ ಎಸೆದು ಮನೆಗೆ ಓಡಿ ತನ್ನ ಸ್ವಂತದ ಹಳೆಯ ಲ್ಯಾಪ್‌ಟಾಪ್ ತಂದಳು. ತಂದಮೇಲೆ ನೆನಪಾಯಿತು, ಅದರಲ್ಲಿ ವಿಂಡೋಸ್ ಇಲ್ಲ. ಎರಡು ವರ್ಷದ ಹಿಂದೆ ಅದು ಆಮೆಗಿಂತ ನಿಧಾನವಾದಾಗ ಗೆಳತಿ ಜೇಬಾ ವಿಂಡೋಸ್ ಕಿತ್ತು, ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿಕೊಟ್ಟಿದ್ದಳು. ಕಿವಿಯಂತ್ರದ ಕಂಪನಿಯ ಸಾಫ್ಟ್‌ವೇರಿಗೋ ವಿಂಡೋಸ್ ಬಿಟ್ಟು ಬೇರೆ ದೇವರೇ ಗೊತ್ತಿಲ್ಲ.

ಜೇಬಾ ಅವಳ ಕಾಲೇಜಿನ ಸಹಪಾಠಿ. ಈಗ ಭಾಲ್ಕಿಯಲ್ಲಿ ಅಪ್ಪ ಶರಫೋದ್ದೀನರ ಹಳೆಯ ರೇಡಿಯೋ ಅಂಗಡಿಯಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಈಶ್ವರಿ ಫೋನ್ ಹಚ್ಚಿ ಕೌಂಟರಿನ ಮೇಲಿಟ್ಟಳು.

"ವೈನ್ ಹಾಕಿ ನೋಡು," ಎಂದಳು ಜೇಬಾ. ಬಸವಣ್ಣನ ಫೋಟೋದ ಕೆಳಗೆ ನಿಂತು ಈ ಮಾತು ಕೇಳಬೇಕಾಯಿತಲ್ಲ ಎಂದು ಈಶ್ವರಿ ಸ್ಪೀಕರಿನ ದನಿ ಇಳಿಸಿದಳು. "ನಗಬ್ಯಾಡ, ಅದೊಂದು ಪ್ರೋಗ್ರಾಮಿನ ಹೆಸರು. ವಿಂಡೋಸಿನ ಸಾಫ್ಟ್‌ವೇರಿಗಿ ತಾನು ವಿಂಡೋಸಿನ್ಯಾಗೇ ಇದ್ದೇನಿ ಅಂತ ನಂಬಸ್ತದ. ಜಲ್ದಿ ಆಗ್ತದ."

ಅರ್ಧ ಗಂಟೆ ಅವಳು ಹೇಳಿದ್ದನ್ನು ಇವಳು ಟೈಪು ಮಾಡಿದಳು. ಕೂರಲಾಗದೆ ನಿಂತೇ ಮಾಡಿದಳು. ಸಾಫ್ಟ್‌ವೇರ್ ತೆರೆಯಿತು! ಕಂಪನಿಯ ನೀಲಿ ಗುರುತು, ಗ್ರಾಫು, ಎಲ್ಲ ಬಂತು. ಆದರೆ ಕಿವಿಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಒಂದು ಪುಟ್ಟ ಜೋಡಣೆ ಡಬ್ಬಿ ಇದೆ. ಅದರ ವೈರು ಸಿಗಿಸಿದರೆ ಪರದೆಯ ಮೇಲೆ ಒಂದೇ ಮಾತು: ಸಾಧನ ಕಾಣುತ್ತಿಲ್ಲ. ತೆಗೆದಳು, ಸಿಗಿಸಿದಳು. ಎಡದ ತೂತಿಗೆ, ಬಲದ ತೂತಿಗೆ. ಕಾಣುತ್ತಿಲ್ಲ.

"ಏನಂತದ್ರಿ?" ಎಂದ ಧೊಂಡಿಬಾ.

ಈಶ್ವರಿ ಕೈ ಬಾಯಿ ತಿರುಗಿಸಿ ಆದಷ್ಟು ವಿವರಿಸಿದಳು. ಮುದುಕ ತಲೆದೂಗಿದ.

"ತಿಳೀತು. ತಾಯಿ ಇಲ್ಲದ ಮರಿಗಿ ನಾವೂ ಹಿಂಗ ಮಾಡ್ತೇವಿ. ಮರಿ ಸತ್ತ ಕುರಿ ಇರ್ತದಲ್ಲ, ಆ ಸತ್ತ ಮರಿ ತೊಗಲು ಸುಲದು ಈ ಮರಿಗಿ ಹೊಚ್ಚಿ ಬಿಡ್ತೇವಿ. ಕುರಿ ಮೂಸಿ ನೋಡಿ ನಂದೇ ಮರಿ ಅಂತ ಕುಡಸ್ತದ. ಆದರ ಒಂದೊಂದು ಶಾಣೆ ಕುರಿ ಇರ್ತದ್ರಿ. ಮೂಸ್ತದ, ಮೂಸ್ತದ, ಆಮ್ಯಾಲ ಒದೀತದ."

ಇದು ಒದ್ದಿತ್ತು. ಫೋನಿನಲ್ಲಿ ಕೇಳುತ್ತಿದ್ದ ಜೇಬಾ, ಇಷ್ಟು ಚೆನ್ನಾಗಿ ತನಗೂ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ನಕ್ಕಳು. ಈಶ್ವರಿಗೆ ನಗು ಬರಲಿಲ್ಲ. ಹತ್ತೂವರೆಯಾಗಿತ್ತು. ಈ ಗೊಡವೆಯೇ ಬೇಡ, ಯಾರದಾದರೂ ವಿಂಡೋಸ್ ಕಂಪ್ಯೂಟರೇ ಸಾಕು ಎಂದು ಬೇಕರಿಯ ಪಕ್ಕದ ಝೆರಾಕ್ಸ್ ಅಂಗಡಿಗೆ ಹೊರಟವಳನ್ನು ಜೇಬಾಳೇ ತಡೆದಳು.

"ಆ ಸಾಫ್ಟ್‌ವೇರಿನ ಕೀ ಎಷ್ಟು ಉಳದಾವ?"

ಕೀ ಎಂದರೆ ಕಂಪನಿ ಕೊಟ್ಟ ಗುಟ್ಟಿನ ಸಂಖ್ಯೆ. ಅದನ್ನು ಒತ್ತಿದರೇ ಸಾಫ್ಟ್‌ವೇರ್ ಯಂತ್ರವನ್ನು ಮುಟ್ಟುವುದು, ಒತ್ತಿದ ಕಂಪ್ಯೂಟರಿಗೇ ಅದು ಅಂಟಿಕೊಳ್ಳುವುದು. ಕೊಟ್ಟದ್ದು ಎರಡು. ಒಂದು ಸತ್ತ ಲ್ಯಾಪ್‌ಟಾಪಿನೊಂದಿಗೆ ಹೋಗಿತ್ತು. ಕಂಪನಿಯವನ ಫೋನು ಭಾನುವಾರ ಎತ್ತುವುದಿಲ್ಲ.

"ಇನ್ನೊಂದು ಝೆರಾಕ್ಸ್ ಅಂಗಡಿಗಿ ಕೊಟ್ಟು ಬಂದ್ರ, ನಾಳಿಂದ ನೀ ಅಲ್ಲೇ ಹೋಗಿ ಮಂದಿ ಕಿವಿ ನೋಡು," ಎಂದಳು ಜೇಬಾ. "ಕಾಕಾಗ ಕರಕೊಂಡು ಭಾಲ್ಕಿಗಿ ಬಾ. ಹ್ಯಾಂಗೂ ಅವರ ಊರಿನ ದಾರಿನೇ. ಇನ್ನೂ ಎರಡು ಉಪಾಯ ಅವ."

ಬಸ್ಸು ಸಿಕ್ಕಿದ್ದು ಹನ್ನೊಂದಕ್ಕೆ. ಧೊಂಡಿಬಾ ಠಾಣಾ ಕುಶನೂರಿನವ. ಬೆಳಿಗ್ಗೆಯ ಮೊದಲ ಬಸ್ಸು ಹಿಡಿದು ಭಾಲ್ಕಿಯ ಮೇಲೆಯೇ ಬಂದಿದ್ದ. ಈಗ ಬಂದ ದಾರಿಯಲ್ಲೇ ಮರಳುತ್ತಿದ್ದ, ಕೈಗೆ ಏನೂ ಹತ್ತದೆ. ಈಶ್ವರಿ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದಳು. ಡ್ರೈವರನ ಮೇಲೆ, ರಸ್ತೆಯ ಉಬ್ಬುಗಳ ಮೇಲೆ, ಬಾಗಿಲಲ್ಲಿ ಹರಟುತ್ತ ಇಳಿಯುವ ಜನರ ಮೇಲೆ ಅವಳಿಗೆ ಸಿಟ್ಟು ಬರುತ್ತಿತ್ತು. ಹೊರಗೆ ಸೋಯಾ ಕಟಾವಾಗಿ ಹೊಲಗಳು ಬಯಲಾಗಿದ್ದವು, ತೊಗರಿ ಮಾತ್ರ ಹೂವಿಟ್ಟು ನಿಂತಿತ್ತು. ಮುದುಕ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಎಲ್ಲೋ ದೂರ ಒಂದು ಹಿಂಡು ಕಂಡರೆ ಎಷ್ಟು ಕುರಿ ಎಂದು ತುಟಿಯಲ್ಲೇ ಎಣಿಸುತ್ತಿದ್ದ.

ಜೇಬಾ ಕಾಯುತ್ತಲೇ ಇದ್ದಳು. ಶರಫೋದ್ದೀನ ಚಾಚಾ ಧೊಂಡಿಬಾನಿಗೆ ಚಹಾ ತರಿಸಿ, ಕಿವಿ ಕೇಳದವರಿಬ್ಬರು ಕೂತ ಹಾಗೆ ಜೋರುಜೋರಾಗಿ ಸೋಯಾ ಬೆಳೆಯ ಮಾತು ತೆಗೆದರು. ಚಾಚಾರ ಕಿವಿ ನೆಟ್ಟಗೇ ಇತ್ತು, ಸೌಜನ್ಯಕ್ಕೆ ಕೂಗುತ್ತಿದ್ದರು.

"ಒಂದನೇ ಉಪಾಯ, ಡಿಸ್ಕ್ ಕೊಯ್ದು ಎರಡು ಪಾಲು ಮಾಡೋದು," ಎಂದಳು ಜೇಬಾ. "ಒಂದು ಕಡಿ ಲಿನಕ್ಸ್, ಒಂದು ಕಡಿ ವಿಂಡೋಸ್. ಚಾಲೂ ಮಾಡುವಾಗ ಯಾವದು ಬೇಕೋ ಅದನ್ನ ಎಬ್ಬಿಸ್ಬೇಕು. ಇಬ್ಬರೂ ಒಟ್ಟಿಗಿ ಎದ್ದಿರಲ್ಲ. ಇದೇ ಎಲ್ಲಾಕಿಂತ ಗಟ್ಟಿ. ಆದರ ನಿನ್ನ ಡಿಸ್ಕಿನ್ಯಾಗ ಏನದ?"

"ಮೂರು ವರ್ಷದ ಕಿವಿ," ಎಂದಳು ಈಶ್ವರಿ. ಆರುನೂರು ಚಿಲ್ಲರೆ ಜನರ ತಪಾಸಣೆಯ ಹಾಳೆಗಳು. ಬೇರೆಲ್ಲೂ ಪ್ರತಿ ಇಟ್ಟಿರಲಿಲ್ಲ.

"ಕೊಯ್ಯೋವಾಗ ನೂರಕ್ಕ ತೊಂಬತ್ತೈದು ಸಲ ಏನೂ ಆಗಲ್ಲ. ಖರೆ ಹೇಳ್ತೇನಿ. ಮದಲ ಕಾಪಿ ತೊಗೊಂಡ್ರ ನೂರಕ್ಕ ನೂರು. ಆದರ ಕಾಪಿ, ಕೊಯ್ಯೋದು, ವಿಂಡೋಸ್ ಹಾಕೋದು, ಎಲ್ಲಾ ಸೇರಿ ಸಂಜಿ ಆಗ್ತದ."

"ನಾಳಿ ಮುಂಜಾನಿಗೇ ಹಿಂಡು ಹೊಂಡ್ತದ, ಅಷ್ಟು ತಡ ಬ್ಯಾಡ. ಎರಡನೇದು ಹೇಳು."

ಎರಡನೆಯದು, ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್. ಲಿನಕ್ಸ್ ಲಿನಕ್ಸಾಗಿಯೇ ಇರುತ್ತದೆ. ಅದರೊಳಗೆ ಒಂದು ಕಿಟಕಿ, ಆ ಕಿಟಕಿಯೊಳಗೆ ನಿಜವಾದ ಪೂರ್ಣ ವಿಂಡೋಸ್. ನಂಬಿಸುವ ಮಾತಿಲ್ಲ, ತೊಗಲು ಹೊಚ್ಚುವ ಮಾತಿಲ್ಲ. ಬೇಕೆಂದಾಗ ತೆರೆಯಬಹುದು, ಮುಚ್ಚಬಹುದು. ಅದೆಲ್ಲ ಒಂದೇ ದೊಡ್ಡ ಫೈಲು, ಕೀ ಕೂಡ ಅದರಲ್ಲೇ ಉಳಿಯುತ್ತದೆ. ಮುಂದೆ ಪೆನ್‌ಡ್ರೈವಿಗೆ ಪ್ರತಿ ಮಾಡಿಟ್ಟುಕೊಂಡರೂ ಆಯಿತು.

"ಮತ್ತ ಇದನ್ನೇ ಮದಲ ಯಾಕ ಹೇಳಲಿಲ್ಲ?" ಈಶ್ವರಿ ಸಿಡುಕಿದಳು.

"ಒಂದು ಒಲಿ ಮ್ಯಾಲ ಎರಡು ಮನಿ ಅಡಗಿ ಆಗ್ಬೇಕಲ್ಲ ತಾಯಿ. ನಿನ್ನ ಲ್ಯಾಪ್‌ಟಾಪಿನ ಮೆಮರಿ ನಾಕೇ ನಾಕು ಜಿಬಿ."

ಜೇಬಾ ಅಷ್ಟರಲ್ಲೇ ಲ್ಯಾಪ್‌ಟಾಪನ್ನು ಬೋರಲು ಹಾಕಿ ತಿರುಪು ಬಿಚ್ಚುತ್ತಿದ್ದಳು. ಯಾರೋ ಒಯ್ಯದೆ ಬಿಟ್ಟ ಹಳೆಯ ಯಂತ್ರದಿಂದ ಮೆಮರಿ ಕಿತ್ತು ಇದರಲ್ಲಿ ಒತ್ತಿದಳು. ಸಿದ್ಧವಾಗಿಟ್ಟಿದ್ದ ವಿಂಡೋಸಿನ ಫೈಲನ್ನು ನಕಲಿಗೆ ಹಚ್ಚಿದಳು. ಇಪ್ಪತ್ತು ನಿಮಿಷ ಎಂದು ತೋರಿಸಿತು, ಆಮೇಲೆ ನಲವತ್ತು ಎಂದಿತು, ಆಮೇಲೆ ಹದಿನೈದು. ಕಂಪ್ಯೂಟರು ಹೇಳುವ ಸಮಯವನ್ನು ನಂಬಿ ಕೂತವರು ಊಟ ಮಾಡಿದ್ದನ್ನು ನಾನು ಕಾಣೆ. ಈಶ್ವರಿ ಅಂಗಡಿಯಿಂದ ರಸ್ತೆಗೆ, ರಸ್ತೆಯಿಂದ ಅಂಗಡಿಗೆ ಓಡಾಡಿದಳು. ಪೆನ್ನಿನ ಮುಚ್ಚಳ ಅಗಿದು ಚಪ್ಪಟೆ ಮಾಡಿದಳು.

ವಿಂಡೋಸ್ ಎದ್ದಿತು. ಸಾಫ್ಟ್‌ವೇರ್ ಕೂತಿತು. ಜೋಡಣೆ ಡಬ್ಬಿ ಸಿಗಿಸಿದರೆ ಮತ್ತೆ ಅದೇ: ಸಾಧನ ಕಾಣುತ್ತಿಲ್ಲ. ಈಶ್ವರಿ ತಲೆಗೆ ಕೈ ಹಚ್ಚಿದಳು.

"ತಡಿ. ಡಬ್ಬಿ ಹೊರಗಿನ ಮನಿಯಾಗ ಕೂತದ, ಒಳಗಿನ ಮನಿಗಿ ಕಳಸ್ಬೇಕು," ಎಂದು ಜೇಬಾ ಮೇಲಿನ ಪಟ್ಟಿ ತೆರೆದು, ಡಬ್ಬಿಯ ಹೆಸರು ಹುಡುಕಿ, ಮುಂದೆ ಒಂದು ಗುರುತು ಹಾಕಿದಳು.

ಡಬ್ಬಿಯ ದೀಪ ಹಸಿರಾಯಿತು. ಉಳಿದಿದ್ದ ಒಂದೇ ಕೀಯನ್ನು ಈಶ್ವರಿ ಒಂದೊಂದೇ ಅಂಕಿ ಎರಡೆರಡು ಸಲ ನೋಡಿ ಒತ್ತಿದಳು. ಸಾಫ್ಟ್‌ವೇರ್ ಒಪ್ಪಿಕೊಂಡಿತು.

ಧೊಂಡಿಬಾನ ಯಂತ್ರದಲ್ಲಿ ಅವಳು ಎರಡು ಹದ ತುಂಬಿದಳು. ಗುಂಡಿ ಒಮ್ಮೆ ಒತ್ತಿದರೆ ಮೊದಲಿನದು, ಮನುಷ್ಯರ ಮಾತಿನದು. ಇನ್ನೊಮ್ಮೆ ಒತ್ತಿದರೆ ಎರಡನೆಯದು. ಅದರಲ್ಲಿ ಸೀಟಿಯ ಕಾವಲನ್ನು ಆದಷ್ಟು ಸಡಿಲಿಸಿ, ಸದ್ದು ಅದುಮುವುದನ್ನೆಲ್ಲ ಕಿತ್ತುಹಾಕಿದಳು. ಚಾಚಾ ಸೈಕಲ್ಲಿನ ಗಂಟೆ ಬಾರಿಸಿದರು.

"ಕೇಳಸ್ತದ," ಎಂದ ಮುದುಕ. ಮುಖ ಮಾತ್ರ ಅರಳಲಿಲ್ಲ. "ಸೈಕಲ್ ಗಂಟಿ ಕೇಳಿ ನಾ ಎಲ್ಲಿಗಿ ಹೋಗ್ಲಿ ಬಾಯೀ? ಹಿಂಡಿನ್ಯಾಗ ಹದಿನಾಕು ಗಂಟಿ ಅವ. ಒಂದೊಂದರ ದನಿ ಒಂದೊಂದು. ಅವು ಬ್ಯಾರೆ ಬ್ಯಾರೆ ಕೇಳಬೇಕು."

ಈಶ್ವರಿ ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದಳು. "ನಡ್ರಿ ಕಾಕಾ, ಹಿಂಡಿಗೇ ಹೋಗೋಣು."

ಠಾಣಾ ಕುಶನೂರಿನಲ್ಲಿ ಇಳಿದಾಗ ನಾಲ್ಕು ದಾಟಿತ್ತು. ಹಿಂಡು ಊರ ಹೊರಗಿನ ಬಯಲಿಗೆ ಇನ್ನೂ ಬಂದಿರಲಿಲ್ಲ. ಮೂರು ವಾರದಿಂದ ಅದು ಬೀದರ ಕಡೆ ಮನ್ನಳ್ಳಿಯ ಹೊಲಗಳಲ್ಲಿತ್ತು, ಗೊಬ್ಬರಕ್ಕೆಂದು ರೈತರು ರಾತ್ರಿ ಕುರಿ ಕೂಡಿಸಿಕೊಳ್ಳುತ್ತಾರೆ. ಮಕ್ಕಳಿಬ್ಬರೇ ಜೊತೆಗಿದ್ದರು. ಈ ಸಂಜೆ ಊರಿಗೆ ಬಂದು, ರೊಟ್ಟಿ ಬುತ್ತಿ ಕಟ್ಟಿಸಿಕೊಂಡು, ನಾಳೆ ಹೊರಡುವುದು. ಧೊಂಡಿಬಾ ಮೂರು ವಾರದಿಂದ ತನ್ನ ಕುರಿಗಳ ಮುಖ ನೋಡಿರಲಿಲ್ಲ.

ಈಶ್ವರಿ ಒಂದು ಬಂಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಡಬ್ಬಿಯ ವೈರನ್ನು ಮುದುಕನ ಕಿವಿಗೆ ಜೋಡಿಸಿದಳು. ಬ್ಯಾಟರಿ ಮೂವತ್ತೆಂಟು ಎಂದಿತು. ಎರಡು ಮನೆಯ ಅಡುಗೆಗೆ ಅದು ಸಾಲದು, ನೋಡನೋಡುತ್ತ ಮೂವತ್ತೈದಾಯಿತು. ಎರಡನೇ ಹದ ಹಚ್ಚಿದ ಕೂಡಲೇ ಧೊಂಡಿಬಾ ಕಿವಿಗೆ ಕೈ ಒತ್ತಿದ. ಗಾಳಿ, ಒಣಗಿದ ಸೋಯಾ ಹೊಟ್ಟಿನ ಸರಪರ, ದೂರದ ಮೋಟಾರು, ಎಲ್ಲ ಒಮ್ಮೆಲೇ ನುಗ್ಗಿದ್ದವು.

"ಗಾಳಿ ಕಡಿಮಿ ಮಾಡ್ಲೇನು?"

"ಗಾಳಿ ಇರಲಿ. ಗಾಳಿ ಯಾ ಕಡಿಂದ ಅಂತ ತಿಳೀಬೇಕು. ಆ ಮೋಟಾರು ಕಡಿಮಿ ಮಾಡ್ರಿ."

ಒಂದೊಂದೇ ಎಳೆಯಾಗಿ ಇಳಿಸುತ್ತ ಏರಿಸುತ್ತ ಹೋದಳು. ಇಪ್ಪತ್ತಾರಕ್ಕೆ ಬ್ಯಾಟರಿ ಇಳಿದಾಗ ದಿಬ್ಬದ ಮೇಲೆ ಧೂಳೆದ್ದಿತು. ಮುಂದೆ ಓಡಿಬಂದ ಅನೀಲಕುಮಾರ ಈಶ್ವರಿಗೆ ಕೈಮುಗಿದ. ನಲವತ್ತರ ಗಂಡಸು, ಬಿಸಿಲಿಗೆ ಸುಟ್ಟ ಮುಖ.

"ಮೇಡಂ, ಸುಮ್ನ ತ್ರಾಸ ತೊಗೊಂಡ್ರಿ. ಅಪ್ಪಗ ಆಸಿ ಹಚ್ಚಬ್ಯಾಡ್ರಿ. ಅಡವ್ಯಾಗ ತೋಳ ಬಂದ್ರ, ರೋಡಿನ್ಯಾಗ ಗಾಡಿ ಬಂದ್ರ, ಯಾರು ನೋಡ್ಕೋಬೇಕು?"

"ಒಮ್ಮಿ ಕೇಳಿ ನೋಡಲಿ. ಆಮ್ಯಾಲ ನಿಮ್ಮ ಮರ್ಜಿ."

"ಆಯ್ತು. ಬೆನ್ನು ತಿರುಗಿಸಿ ಕೂಡಲಿ. ಯಾವ ಗಂಟಿ ಯಾವದು ಹೇಳಲಿ. ಹೇಳಿದ್ರ ನಾಳಿ ನಾನೇ ಎಬ್ಬಿಸಿ ಕರಕೊಂಡು ಹೋಗ್ತೇನಿ."

ಧೊಂಡಿಬಾ ಹಿಂಡಿಗೆ ಬೆನ್ನು ಮಾಡಿ ಕೂತ. ಕಣ್ಣು ಮುಚ್ಚಿದ. ಹಿಂಡು ಬಯಲಿಗೆ ಇಳಿಯಿತು. ಈಶ್ವರಿಗೆ ಕೇಳಿದ್ದು ಒಂದೇ ಗದ್ದಲ. ಮುದುಕ ತಲೆ ಓರೆ ಮಾಡಿ ಬೆರಳು ಮಡಚತೊಡಗಿದ.

"ಕುಂಟಿ ಬಂತು. ಎಡಕ್ಕ. ಅದರ ಹಿಂದ ಚುಕ್ಕಿ. ಹೋತ ಎಲ್ಲಿ? ಹಾಂ, ಹಿಂದ ಉಳದದ, ಏನೋ ಮೇಯ್ಲಿಕ್ಕತ್ತದ."

ಅನೀಲಕುಮಾರ ಹಿಂದೆ ನೋಡಿದ. ಗಂಡು ಮೇಕೆ ಜಾಲಿಯ ಬುಡದಲ್ಲಿ ನಿಂತು ಮೇಯುತ್ತಿತ್ತು. ಅವನ ಮುಖದಲ್ಲಿ ನಗು ಮೂಡಿತು. ಈಶ್ವರಿಗೆ ಬೆಳಗಿನಿಂದ ಹಿಡಿದಿದ್ದ ಉಸಿರು ಸಡಿಲಾಯಿತು. ಗೆದ್ದೆ ಅನಿಸಿತು, ಕುಣಿಯಬೇಕು ಅನಿಸಿತು. ಏಳು, ಎಂಟು, ಒಂಬತ್ತು. ಹೇಳಿದ್ದೆಲ್ಲ ಸರಿ.

ಧೊಂಡಿಬಾ ಹೇಳುವುದನ್ನು ನಿಲ್ಲಿಸಿದ. ಹುಬ್ಬು ಗಂಟಾಯಿತು.

"ಮುಂದ ನಡ್ಯೋದು ಯಾರು?"

ಮಗ ಹಿಂಡಿನ ಕಡೆ ಮುಖ ತಿರುಗಿಸಿದ.

"ಗಂಟಿ ಗಂಗೀದು. ನಾನೇ ಕಟ್ಟೀನಿ. ಆದರ ಗಂಗಿ ನಡಿಗಿ ಹಿಂಗಿಲ್ಲ. ಆಕಿ ನಾಕ ಹೆಜ್ಜಿಗೊಮ್ಮಿ ನಿಂತು ಹಿಂದ ನೋಡ್ತಾಳ, ಗಂಟಿನೂ ನಿಲ್ತದ. ಇದು ನಿಲ್ಲವಲ್ದು. ಗಂಗಿ ಎಲ್ಲಿ ಅನೀಲಾ?"

ಗಂಗಿ ಯಾರೆಂದು ಈಶ್ವರಿ ಕೇಳಬೇಕಾಗಲಿಲ್ಲ. ಹಿಂಡನ್ನು ನಡೆಸುವ ಮುಂದಾಳು ಕುರಿ ಅದು. ಮುದುಕನ ಕೊರಳೇ ಹೇಳಿತು. ಅನೀಲಕುಮಾರ ಬಂದು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ. ಕೂಗಲಿಲ್ಲ. ಇಷ್ಟು ವರ್ಷದಲ್ಲಿ ಅಪ್ಪನೊಂದಿಗೆ ಆಡದಷ್ಟು ಮೆಲ್ಲಗೆ ಮಾತಾಡಿದ.

"ಹೋಗ್ಬಿಟ್ಟಳಪ್ಪಾ. ಹನ್ನೆರಡು ದಿನ ಆಯ್ತು. ಹಸಿ ಸೋಯಾ ತಿಂದು ಹೊಟ್ಟಿ ಉಬ್ಬಿತ್ತು. ನಾವು ಮಲಗಿದ್ವಿ. ನೀ ಇದ್ದಿದ್ರ ಉಸಿರು ಕೇಳೇ ಎಬ್ಬಸ್ತಿದ್ದಿ."

"ಹನ್ನೆರಡು ದಿನ," ಎಂದ ಧೊಂಡಿಬಾ. "ನನಗ ಯಾಕ ಹೇಳಲಿಲ್ಲ?"

"ಮನಿಗಿ ಎರಡು ಸಲ ಬಂದೆ. ನೀ ಯಂತ್ರ ತೆಗದಿಟ್ಟಿದ್ದಿ, ಎಲ್ಲಾ ಕೂಗಿ ಹೇಳ್ಬೇಕು. ಇಂಥಾ ಮಾತು ಊರಿಗಿ ಕೇಳೋಹಂಗ ಕೂಗಿ ಹ್ಯಾಂಗ ಹೇಳ್ಲಪ್ಪಾ?"

ಇಡೀ ದಿನ ಓಡಿ ಓಡಿ ತಾನು ಈ ಮುದುಕನ ಕಿವಿಗೆ ತಂದು ಮುಟ್ಟಿಸಿದ್ದು ಇದನ್ನೇ ಏನು ಎಂದು ಈಶ್ವರಿಗೆ ಅನಿಸಿತು. ಅವಳ ಬೆರಳು ತಾನಾಗಿಯೇ ಕೀಲಿಮಣೆಯ ಮೇಲೆ ಹೋಗಿತ್ತು. ಎರಡು ಒತ್ತಿದರೆ ಸದ್ದು ತಗ್ಗುತ್ತದೆ. "ಕಾಕಾ, ಸ್ವಲ್ಪ ಕಡಿಮಿ ಮಾಡ್ಲಿ?" ಎಂದಳು.

ಧೊಂಡಿಬಾ ಅವಳ ತುಟಿ ನೋಡಲಿಲ್ಲ. ಆದರೂ ಕೇಳಿಸಿತು.

"ಏನೂ ಮುಟ್ಟಬ್ಯಾಡ ಬಾಯೀ, ಹಾಂಗೇ ಇರಲಿ," ಎಂದ. ಮಗನ ಹೆಗಲ ಮೇಲೆ ಕೈ ಇಟ್ಟು ಅವನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. "ಮದಲಿಂದ ಹೇಳು ಅನೀಲಾ. ಯಾವ ಹೊಲ, ಎಷ್ಟ ಹೊತ್ತಿಗಿ, ಎಲ್ಲಿ ಹೂಳಿದ್ರಿ. ಇಷ್ಟೇ ದನಿ ಸಾಕು, ಕೇಳಸ್ತದ. ನಾಳಿ ದಾರಿ ಆ ಕಡಿಂದೇ ಹಿಡಿಯೋಣು. ಮುಂದ ನಾನೇ ನಡೀತೇನಿ."

ಮಗ ಹೇಳತೊಡಗಿದ. ಈಶ್ವರಿ ಆ ಹದವನ್ನು ಹಾಗೆಯೇ ಉಳಿಸುವ ಗುಂಡಿ ಒತ್ತಿ, ಅಪ್ಪ ಮಗನ ಮಾತು ಮುಗಿಯುವವರೆಗೆ ವೈರು ಬಿಚ್ಚದೆ ಕಾದಳು.